ಬೀಪ್ ಸದ್ದಿನ ಜಾಡು ಹಿಡಿದು

ನಾಗರಹೊಳೆಯ ಒಂದು ಮಗ್ಗುಲಿಗೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳು, ಇನ್ನೊಂದು ಮಗ್ಗುಲಿಗೆ ಕೊಡಗು. ನಡುವಿನ ತೇಗ, ಬಿದಿರಿನ ಕಾಡಿನಲ್ಲಿ ಕೂಗಳತೆಯಲ್ಲಿ ಮಲಗಿದ ಹುಲಿಯೂ ಕಣ್ಣಿಗೆ ಬೀಳುವುದಿಲ್ಲ. 1990ರಲ್ಲಿ ಉಲ್ಲಾಸ ಕಾರಂತರು ಇಲ್ಲಿನ ಹುಲಿಗಳಿಗೆ ರೇಡಿಯೊ ಕಾಲರ್ ತೊಡಿಸಿ ಅಧ್ಯಯನಕ್ಕೆ ಇಳಿದರು. ಅವರು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ವನ್ಯಜೀವಿ ವಿಜ್ಞಾನಕ್ಕೆ ಬಂದವರು. ಕಾಣದ ಪ್ರಾಣಿಯ ನೆಲೆಯನ್ನು ಕಿವಿಯಿಂದ ಅಳೆಯುವುದೇ ಈ ರೇಡಿಯೊ ಕಾಲರ್ ಕಸುಬು.

ಕಾಲರ್‌ನ ಪುಟ್ಟ ಟ್ರಾನ್ಸ್‌ಮಿಟರ್ ಒಂದೇ ಸಮನೆ ಕೂಗಿದರೆ ಬ್ಯಾಟರಿ ಬೇಗ ಸಾಯುತ್ತದೆ. ಹಾಗಾಗಿ ಸೆಕೆಂಡಿಗೆ ಒಂದರಂತೆ ಕಣ್ಣೆವೆ ಮಿಟುಕಿಗಿಂತ ಚಿಕ್ಕ ಮಿಡಿತಗಳನ್ನು ಕಳಿಸುತ್ತದೆ. ಒಂದೊಂದು ಪ್ರಾಣಿಗೆ ಒಂದೊಂದು ತರಂಗಾಂತರ, ಸಾಮಾನ್ಯವಾಗಿ 150 ಮೆಗಾಹರ್ಟ್ಜ್ ಆಸುಪಾಸು. ಆ ಅಲೆಯ ಉದ್ದ ಸುಮಾರು 2 ಮೀಟರ್. ಅದರರ್ಧ, ಅಂದರೆ ಮೀಟರ್ ಉದ್ದದ ಕಡ್ಡಿಗಳು ಕೈಯಲ್ಲಿನ ಯಾಗಿ ಆಂಟೆನಾಕ್ಕೆ ಸಾಕು. ದೂರದರ್ಶನದ ಕಾಲದಲ್ಲಿ ಮನೆಯ ಮಾಡಿನ ಮೇಲಿದ್ದದ್ದೂ ಇದರ ದಾಯಾದಿಯೇ. ಅಷ್ಟು ವೇಗದ ಕಂಪನ ಕಿವಿಗೆ ಕೇಳದು. ರಿಸೀವರ್ ತನ್ನದೇ ಕಂಪನವೊಂದನ್ನು ಅದಕ್ಕೆ ಬೆರೆಸುತ್ತದೆ. ಎರಡರ ನಡುವೆ ಉಳಿಯುವ ಸಾವಿರ ಹರ್ಟ್ಜ್‌ನಷ್ಟು ವ್ಯತ್ಯಾಸವೇ ಹೆಡ್‌ಫೋನಿನಲ್ಲಿ ‘ಬೀಪ್’ ಎನ್ನುವುದು.

ಕುಶಲತೆ ಶುರುವಾಗುವುದು ಇಲ್ಲಿಂದ. ಹೊಸಬರು ಸದ್ದು ಅತಿ ಜೋರಾಗಿ ಕೇಳಿಸುವ ಕಡೆಗೆ ಆಂಟೆನಾ ತಿರುಗಿಸಿ ದಿಕ್ಸೂಚಿ ನೋಡುತ್ತಾರೆ. ಆದರೆ ಜೋರಿನ ತುತ್ತತುದಿ ಚಪ್ಪಟೆ: ಆಚೀಚೆ ಹತ್ತು ಡಿಗ್ರಿ ಸರಿದರೂ ಕಿವಿಗೆ ವ್ಯತ್ಯಾಸವೇ ತಿಳಿಯದು. ಪಳಗಿದವರು ಎಡಕ್ಕೆ ತಿರುಗಿಸುತ್ತಾ ಹೋಗಿ, ಬೀಪ್ ಗಾಳಿಯ ಸುಯ್‌ಗುಟ್ಟುವಿಕೆಯಂಥ ಗದ್ದಲದಲ್ಲಿ ಮುಳುಗುವ ಕೋನ ಬರೆದುಕೊಳ್ಳುತ್ತಾರೆ, ಬಲಕ್ಕೂ ಹಾಗೆಯೇ. ಎರಡರ ನಟ್ಟನಡುವೆ ಹುಲಿಯ ದಿಕ್ಕು. ಅಂಚಿನಲ್ಲಿ ಸದ್ದು ಕಡಿದಾಗಿ ಇಳಿಯುವುದರಿಂದ ಕಿವಿ ಅಲ್ಲೇ ಚುರುಕು. ಇಡೀ ವಿದ್ಯೆಯಲ್ಲಿ ನನಗೆ ತೀರಾ ಹಿಡಿಸಿದ್ದು ಇದೇ.

ಒಂದು ದಿಕ್ಕು ಬರೀ ಗೆರೆ. ಜೀಪು ಓಡಿಸಿ ಬೇರೆ ಜಾಗದಿಂದ ಇನ್ನೊಂದು ಗೆರೆ ಎಳೆಯಬೇಕು, ಅದೂ ಹುಲಿ ಎದ್ದು ಹೊರಡುವ ಮೊದಲು. ಕಿಲೋಮೀಟರ್ ದೂರದಲ್ಲಿ 5 ಡಿಗ್ರಿ ತಪ್ಪಿದರೆ ನೆಲದ ಮೇಲೆ 87 ಮೀಟರ್ ತಪ್ಪಿದಂತೆ. ಗೆರೆಗಳು ಲಂಬಕ್ಕೆ ಹತ್ತಿರವಾಗಿ ಕತ್ತರಿಸಿದರೆ ಒಳ್ಳೆಯದು; ಓರೆಯಾಗಿ ಉಜ್ಜಿಕೊಂಡು ಹೋದರೆ ಸಂಶಯದ ಜಾಗ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಗುಡ್ಡಕ್ಕೆ ಬಡಿದು ಬಂದ ಪ್ರತಿಫಲನವಂತೂ ಇಲ್ಲದ ಕಡೆ ಹುಲಿಯನ್ನು ಕೂರಿಸಿಬಿಡುತ್ತದೆ. ಅದಕ್ಕೇ ಮೂರನೆಯ ಗೆರೆ. ಮೂರೂ ಸೇರಿ ಪುಟ್ಟ ತ್ರಿಕೋನವಾದರೆ ನಂಬಬಹುದು. ದೊಡ್ಡದಾದರೆ ಯಾವುದೋ ಒಂದು ಗೆರೆ ಸುಳ್ಳು ಹೇಳಿದೆ, ಮತ್ತೆ ಜೀಪು ಹತ್ತಬೇಕು.

ಈಗ ಜಿಪಿಎಸ್ ಕಾಲರ್‌ಗಳು ಉಪಗ್ರಹಗಳನ್ನು ಕೇಳಿ ತಮ್ಮ ನೆಲೆಯನ್ನು ತಾವೇ ಲೆಕ್ಕ ಹಾಕಿಕೊಳ್ಳುತ್ತವೆ. ಆದರೂ ಅವುಗಳಲ್ಲಿ ಹೆಚ್ಚಿನವುಗಳೊಳಗೆ ಹಳೆಯ ರೇಡಿಯೊ ಮಿಡಿತವನ್ನೂ ಇಟ್ಟಿರುತ್ತಾರೆ. ಪೊದೆಯೊಳಗೆ ಕಳಚಿ ಬಿದ್ದ ಕಾಲರ್ ಹುಡುಕುವಾಗ ಕೊನೆಯ ಕೆಲವು ಮೀಟರ್‌ಗಳಿಗೆ ಆಂಟೆನಾ ಹಿಡಿದು ತಿರುಗುವ ಕೈಯೇ ಬೇಕು.