ಮಾತ್ರೆ ಬಿಟ್ಟರೆ ಕೈ ನಡುಗುವುದೇಕೆ?

ಪ್ರಶ್ನೆ: ಬೆನ್ನು ಹಿಡಿದುಕೊಂಡಿದೆಯೆಂದು ಡಾಕ್ಟರು ಕೊಟ್ಟ ಡಯಾಜೆಪಾಮನ್ನು ನಮ್ಮತ್ತೆ ತಿಂಗಳುಗಟ್ಟಲೆ ನುಂಗಿದರು. ಈಗ ಬಿಟ್ಟರೆ ನಡುಕ, ನಿದ್ದೆಯಿಲ್ಲ. ಯಾಕೆ?

ನರಗಳ ಓಟಕ್ಕೆ ಬ್ರೇಕ್ ಹಾಕುವ ಗಾಬಾ ಎಂಬ ರಾಸಾಯನಿಕ ಮಿದುಳಲ್ಲಿದೆ. 1963ರಲ್ಲಿ ವ್ಯಾಲಿಯಂ ಹೆಸರಿನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಈ ಮಾತ್ರೆ ಅದರ ಬಲ ಹೆಚ್ಚಿಸುತ್ತದೆ. ಸ್ನಾಯು ಸಡಿಲ, ಕಣ್ಣು ಭಾರ.

ಸ್ಕೂಟರಿನ ಬ್ರೇಕನ್ನು ಯಾರೋ ಸದಾ ಹಿಡಿದೇ ಇದ್ದರೆ ಏನು ಮಾಡುತ್ತೀರಿ? ಆಕ್ಸಿಲರೇಟರ್ ಇನ್ನಷ್ಟು ತಿರುವುತ್ತೀರಿ. ಮಿದುಳೂ ಅಷ್ಟೇ: ಗಾಬಾಕ್ಕೆ ಓಗೊಡುವುದನ್ನು ತಗ್ಗಿಸಿ ಉದ್ರೇಕ ಏರಿಸುತ್ತದೆ. ಒಂದು ಮಾತ್ರೆ ಸಾಲದೆ ಎರಡು ಬೇಕೆನಿಸುವುದು ಆಗಲೇ. ಥಟ್ಟನೆ ಬಿಟ್ಟಿರೋ, ಗಾಡಿ ಚಂಗನೆ ನೆಗೆಯುತ್ತದೆ. ನಡುಕ, ಬೆವರು, ಕೆಲವರಿಗೆ ಫಿಟ್ಸ್ ಕೂಡ. ಹಳೇ ಚೀಟಿ ತೋರಿಸಿ ಮತ್ತೆ ಮತ್ತೆ ತರಿಸುವ ನಮ್ಮ ಚಾಳಿಗೂ ಇದರಲ್ಲಿ ಪಾಲಿದೆ. ಅತ್ತೆಯವರು ತಾವಾಗಿ ನಿಲ್ಲಿಸುವುದು ಬೇಡ; ಡಾಕ್ಟರು ವಾರಗಟ್ಟಲೆ ಹಿಡಿದು ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ.