ವಾದವೂ ವಿತಂಡವೂ

ಶಬ್ದಶಾಸ್ತ್ರವನ್ನು ಅಭ್ಯಾಸ ಮಾಡಿದವರಿಗೆ ಒಂದು ದೌರ್ಬಲ್ಯ ಅಂಟಿಕೊಂಡಿರುತ್ತದೆ. ತಪ್ಪಾದ ಅಕ್ಷರವೊಂದು ಕಣ್ಣಿಗೆ ಬಿದ್ದರೆ ಅವರು ಸುಮ್ಮನಿರಲಾರರು. ಹಲವು ವರ್ಷಗಳಿಂದ ಕನ್ನಡ ಪಾಠ ಹೇಳುತ್ತ ಬಂದಿರುವ ನಾನೂ ಇದಕ್ಕೆ ಹೊರತಾದವನಲ್ಲ. ಕೆಲವು ವರ್ಷಗಳ ಹಿಂದೆ ಸಮಾರಂಭವೊಂದರ ಕರೆಯೋಲೆ ಅಚ್ಚಾಗಿ ಬಂದಿತು. ಅದರ ತಲೆಬರಹದಲ್ಲಿ ‘ಆಹ್ವಾನ’ ಎಂದಿರಬೇಕಾದಲ್ಲಿ ‘ಆವ್ಹಾನ’ ಎಂದು ಮುದ್ರಿತವಾಗಿತ್ತು. ಕರೆ ಎಂಬ ಅರ್ಥದ ‘ಹ್ವೇ’ ಧಾತುವಿಗೆ ‘ಆ’ ಎಂಬ ಉಪಸರ್ಗ ಸೇರಿ ಸಿದ್ಧವಾದ ಪದವಿದು. ಹಕಾರಕ್ಕೆ ವಕಾರವು ಒತ್ತಾಗಬೇಕೇ ಹೊರತು ವಕಾರಕ್ಕೆ ಹಕಾರವಲ್ಲ. ಇಷ್ಟನ್ನು ಹೇಳಿ ನಿಲ್ಲಿಸಿದ್ದರೆ ಅದು ಪಾಠವಾಗುತ್ತಿತ್ತು. ನಾನು ನಿಲ್ಲಿಸಲಿಲ್ಲ. ಆ ಓಲೆಯನ್ನು ತನ್ನ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿ ತಂದಿದ್ದವನು ನನ್ನ ಹಳೆಯ ಶಿಷ್ಯನೇ. ಹತ್ತು ಜನ ಹಿರಿಯರ ಎದುರಿಗೆ, “ಕರೆಯುವುದನ್ನೇ ಅರಿಯದವನು ಬಂದವರನ್ನು ಹೇಗೆ ಉಪಚರಿಸುವೆ ತಮ್ಮಾ?” ಎಂದು ಅವನನ್ನು ಹಂಗಿಸಿದೆ. ನೆರೆದವರು ನಕ್ಕರು. ಆತನು ಓಲೆಗಳ ಕಟ್ಟನ್ನು ಮೇಜಿನ ಮೇಲಿಟ್ಟು, ತಲೆ ತಗ್ಗಿಸಿ ಹೊರಟುಹೋದನು. ಸಮಾರಂಭಕ್ಕೂ ಬರಲಿಲ್ಲ, ಆಮೇಲೆ ನನ್ನ ಮನೆಯ ಹೊಸ್ತಿಲನ್ನೂ ತುಳಿಯಲಿಲ್ಲ.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ. ಅತ್ಯಲ್ಪವಾದ ವಿಷಯಗಳಲ್ಲಿಯೇ ಮನುಷ್ಯನ ಮಾತು ಏಕೆ ಇಷ್ಟೊಂದು ಕಟುವಾಗುತ್ತದೆ?

ಇದು ಇಂದು ನಿನ್ನೆಯ ರೋಗವಲ್ಲ. ವಿದ್ವತ್ತು ಹೆಚ್ಚಿದರೆ ವಾಸಿಯಾಗುವ ರೋಗವೂ ಅಲ್ಲ. ಪಾಣಿನಿಯ ವ್ಯಾಕರಣವನ್ನು ‘ಸಿದ್ಧಾಂತಕೌಮುದಿ’ಯ ರೂಪದಲ್ಲಿ ವಿದ್ಯಾರ್ಥಿಗಳಿಗೆ ಸುಲಭಗೊಳಿಸಿದ ಭಟ್ಟೋಜಿ ದೀಕ್ಷಿತರು, ಅದಕ್ಕೆ ‘ಪ್ರೌಢಮನೋರಮಾ’ ಎಂಬ ವ್ಯಾಖ್ಯಾನವನ್ನೂ ತಾವೇ ರಚಿಸಿದರು. ಅದರಲ್ಲಿ ತಮ್ಮ ಗುರುಗಳಾದ ಶೇಷಕೃಷ್ಣರ ಮತಗಳನ್ನು ಹಲವೆಡೆ ಖಂಡಿಸಿದರು. ಆ ಶೇಷ ವಂಶದ ವಿದ್ಯಾಪರಂಪರೆಗೆ ಸೇರಿದ ಪಂಡಿತರಾಜ ಜಗನ್ನಾಥನಿಗೆ ಇದು ಸಹನೆಯಾಗಲಿಲ್ಲ. ಷಹಜಹಾನನ ಆಸ್ಥಾನದಲ್ಲಿ ಮನ್ನಣೆ ಪಡೆದ, ‘ರಸಗಂಗಾಧರ’ದಂತಹ ಶಾಸ್ತ್ರಗ್ರಂಥವನ್ನು ಬರೆದ ಮಹಾಮೇಧಾವಿ ಆತ. ‘ಮನೋರಮಾ’ ಎಂಬುದು ಹೆಣ್ಣಿನ ಹೆಸರಾಗಿಯೂ ಧ್ವನಿಸುವುದನ್ನು ಹಿಡಿದುಕೊಂಡು, ತನ್ನ ಖಂಡನ ಗ್ರಂಥಕ್ಕೆ ಆತನಿಟ್ಟ ಹೆಸರನ್ನು ತರಗತಿಯಲ್ಲಿ ಬಿಡಿಸಿ ಹೇಳಲು ಅಧ್ಯಾಪಕರ ನಾಲಗೆ ಇಂದಿಗೂ ಹಿಂಜರಿಯುತ್ತದೆ. ಸೂತ್ರಗಳ ಅರ್ಥವೇನು, ಪದಗಳ ಸಾಧುತ್ವವೇನು ಎಂಬ ಚರ್ಚೆ ಶಾಸ್ತ್ರಕ್ಕೆ ಅವಶ್ಯಕವೇ ಸರಿ. ಆದರೆ ಆ ಚರ್ಚೆಗೆ ಇಂತಹ ಹೆಸರು ಅವಶ್ಯಕವಾಗಿತ್ತೆ? ಗ್ರಂಥದೊಳಗಿನ ಯುಕ್ತಿಗಳನ್ನು ಬಲ್ಲವರು ಬೆರಳೆಣಿಕೆಯಷ್ಟು. ಹೆಸರಿನ ಅಸಭ್ಯತೆಯನ್ನು ಬಲ್ಲವರು ಬಹುಮಂದಿ. ಕಟುವಾದ ಮಾತು ತಾನು ಹೊತ್ತುತಂದ ಸತ್ಯವನ್ನೇ ಮರೆಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಅಲ್ಪ ವಿಷಯಕ್ಕೆ ಅಧಿಕ ಕಲಹವೇಕೆ ಎಂಬುದಕ್ಕೆ ಆಂಗ್ಲ ಲೇಖಕ ನಾರ್ತ್‌ಕೋಟ್ ಪಾರ್ಕಿನ್‌ಸನ್ 1957ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ವಿನೋದವಾಗಿ ಒಂದು ಕಾರಣ ಸೂಚಿಸಿದ್ದಾನೆ. ಆತನು ಕಲ್ಪಿಸಿದ ಸಮಿತಿಯೊಂದರ ಮುಂದೆ ಪರಮಾಣು ಸ್ಥಾವರದ ಯೋಜನೆ ಬರುತ್ತದೆ. ಎರಡೂವರೆ ನಿಮಿಷದಲ್ಲಿ ಮಂಜೂರಾಗುತ್ತದೆ. ಅನಂತರ ಗುಮಾಸ್ತರ ಸೈಕಲ್ಲುಗಳಿಗೊಂದು ಚಪ್ಪರ ಹಾಕಿಸುವ ಪ್ರಸ್ತಾಪ ಬರುತ್ತದೆ. ಅದಕ್ಕೆ ಮುಕ್ಕಾಲು ಗಂಟೆಯ ಚರ್ಚೆ! ಸ್ಥಾವರದ ವಿಷಯ ಯಾರಿಗೂ ತಿಳಿಯದು, ಆದುದರಿಂದ ಮೌನ. ಚಪ್ಪರದ ವಿಷಯ ಎಲ್ಲರಿಗೂ ತಿಳಿದದ್ದು, ಆದುದರಿಂದ ಎಲ್ಲರಿಗೂ ಅಭಿಪ್ರಾಯ. ನಮ್ಮ ಸಂಘ ಸಂಸ್ಥೆಗಳ ಸಭೆಗಳಲ್ಲಿ ಕುಳಿತವರಿಗೆ ಇದರ ನಿಜ ಥಟ್ಟನೆ ಹೊಳೆಯದಿರದು. ವಾರ್ಷಿಕ ಲೆಕ್ಕಪತ್ರಕ್ಕೆ ಚಪ್ಪಾಳೆಯ ಅಂಗೀಕಾರ. ಭೋಜನಕ್ಕೆ ಯಾವ ಪಾಯಸ ಎಂಬುದಕ್ಕೆ ಎರಡು ಪಕ್ಷ! ಇದಕ್ಕೆ ನಾನು ಸೇರಿಸಬಯಸುವುದು ಇಷ್ಟೆ: ವಿಷಯ ಅಲ್ಪವಾದಷ್ಟೂ ಅದರಲ್ಲಿ ಸೋಲುವುದು ದೊಡ್ಡ ಅವಮಾನವೆನಿಸುತ್ತದೆ. ‘ಇಷ್ಟೂ ತಿಳಿಯದವನು’ ಎನಿಸಿಕೊಳ್ಳಲು ಯಾರು ತಾನೆ ಒಪ್ಪುತ್ತಾರೆ? ಆಗ ವಿಷಯ ಹಿಂದೆ ಸರಿಯುತ್ತದೆ, ಅಹಂಕಾರ ಮುಂದೆ ಬಂದು ನಿಲ್ಲುತ್ತದೆ.

ನಮ್ಮ ಪ್ರಾಚೀನರು ಈ ಜಾರುದಾರಿಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ಗೌತಮನ ನ್ಯಾಯಸೂತ್ರಗಳು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತವೆ. ಪ್ರಮಾಣ ತರ್ಕಗಳಿಂದ ತತ್ತ್ವವನ್ನು ಅರಿಯಲು ನಡೆಯುವುದು ವಾದ. ಗೆಲ್ಲುವುದಕ್ಕಾಗಿ ಛಲ, ಜಾತಿ, ನಿಗ್ರಹಸ್ಥಾನಗಳನ್ನೂ ಬಳಸಿ ನಡೆಯುವುದು ಜಲ್ಪ. ತನ್ನದೆಂಬ ಪಕ್ಷವನ್ನು ಸ್ಥಾಪಿಸದೆ ಎದುರಿನವನ ಪಕ್ಷವನ್ನು ಕೆಡಹುವುದೊಂದೇ ಕೆಲಸವಾದದ್ದು ವಿತಂಡ. ‘ವಿತಂಡವಾದ’ ಎಂದು ನಾವು ಆಡುಮಾತಿನಲ್ಲಿ ಬಳಸುವ ಪದದ ಮೂಲ ಇದೇ. ಅವರು ಮೂರು ಬಗೆಯ ಛಲಗಳನ್ನೂ, 24 ಜಾತಿಗಳನ್ನೂ, 22 ನಿಗ್ರಹಸ್ಥಾನಗಳನ್ನೂ ಎಣಿಸಿ ಲಕ್ಷಣ ಹೇಳಿದ್ದಾರೆ. ವಾಕ್ಛಲಕ್ಕೆ ಭಾಷ್ಯಕಾರ ವಾತ್ಸ್ಯಾಯನನು ಕೊಡುವ ಉದಾಹರಣೆ ಪ್ರಸಿದ್ಧವಾದುದು. ‘ಈ ಬಾಲಕ ನವಕಂಬಲನು’ ಎಂದು ಒಬ್ಬನು ಹೇಳಿದರೆ, ಹೊಸ ಕಂಬಳಿಯುಳ್ಳವನು ಎಂಬ ಇಂಗಿತವನ್ನು ಅರಿತೂ ಅರಿಯದವನಂತೆ ಇನ್ನೊಬ್ಬನು, ‘ಒಂದೇ ಇದೆಯಲ್ಲ, ಒಂಬತ್ತು ಕಂಬಳಿಗಳೆಲ್ಲಿ?’ ಎಂದು ಕೇಳುತ್ತಾನೆ. ಇಂದಿನ ಎಷ್ಟು ಜಗಳಗಳು ಈ ಒಂಬತ್ತು ಕಂಬಳಿಗಳ ಜಗಳಗಳಲ್ಲ!

ಜಲ್ಪ ವಿತಂಡಗಳನ್ನು ಸೂತ್ರಕಾರನು ಪೂರ್ತಿಯಾಗಿ ತಳ್ಳಿಹಾಕಿಲ್ಲ. ಮೊಳಕೆಯನ್ನು ಕಾಯಲು ಕಟ್ಟಿದ ಮುಳ್ಳಿನ ಬೇಲಿಗೆ ಅವುಗಳನ್ನು ಹೋಲಿಸಿದ್ದಾನೆ. ಆದರೆ ಗುರು, ಶಿಷ್ಯ, ಸಹಾಧ್ಯಾಯಿಗಳೊಡನೆ ನಡೆಯಬೇಕಾದುದು ವಾದವೇ. ಅಲ್ಲಿ ಭಾಗವಹಿಸುವವರು ಅಸೂಯೆಯಿಲ್ಲದವರಾಗಿರಬೇಕು ಎಂದು ವಿಧಿಸಿದ್ದಾನೆ. ಚರಕ ಸಂಹಿತೆಯ ವಿಮಾನಸ್ಥಾನವೂ ಇದನ್ನೇ ಸಮರ್ಥಿಸುತ್ತದೆ. ಅಲ್ಲಿ ವೈದ್ಯರ ಚರ್ಚೆಯನ್ನು ಸಂಧಾಯ ಸಂಭಾಷೆ, ವಿಗೃಹ್ಯ ಸಂಭಾಷೆ, ಅಂದರೆ ಕೂಡಿಕೊಂಡು ಆಡುವುದು, ಎದುರಿಸಿ ಆಡುವುದು ಎಂದು ಇಬ್ಭಾಗ ಮಾಡಿದೆ. ಮೊದಲನೆಯದರಲ್ಲಿ ಸೋಲಿಗೆ ಅಂಜಬಾರದು, ಗೆದ್ದರೆ ಹಿಗ್ಗಬಾರದು, ಗೆದ್ದುದನ್ನು ಪರರ ಮುಂದೆ ಕೊಚ್ಚಿಕೊಳ್ಳಬಾರದು ಎಂಬ ನಿಯಮಗಳಿವೆ. ರೋಗಿಯ ಪ್ರಾಣ ಕೈಯಲ್ಲಿರುವ ವೈದ್ಯರಿಗೇ ಈ ಸಂಯಮ ಸಾಧ್ಯವಾದರೆ, ಒತ್ತಕ್ಷರವನ್ನು ತಿದ್ದುವ ನಮಗೆ ಅದು ಅಸಾಧ್ಯವೆ?

ತಪ್ಪನ್ನು ಕಂಡೂ ಸುಮ್ಮನಿರಬೇಕೆಂದು ನಾನು ಹೇಳುತ್ತಿಲ್ಲ. ‘ಆವ್ಹಾನ’ ಅಂದೂ ತಪ್ಪು, ಇಂದೂ ತಪ್ಪು. ಆದರೆ ತಿದ್ದುವ ಮುನ್ನ ಅಧ್ಯಾಪಕನು ತನ್ನನ್ನು ತಾನು ಎರಡು ಮಾತು ಕೇಳಿಕೊಳ್ಳಬೇಕು. ಇದನ್ನು ಆತನೊಬ್ಬನಿಗೇ ಹೇಳಿದರೆ ಸಾಲದೆ? ನೆರೆದವರಿಗೆ ಕೇಳಿಸಬೇಕೆಂಬ ಆಸೆ ಪದದ ಹಿತಕ್ಕೋ, ನನ್ನ ಕೀರ್ತಿಗೋ? ಈ ಎರಡಕ್ಕೂ ಪ್ರಾಮಾಣಿಕವಾದ ಉತ್ತರ ದೊರೆತರೆ ಮುಕ್ಕಾಲು ಪಾಲು ಕಲಹಗಳು ನಾಲಗೆಯ ತುದಿಯಲ್ಲೇ ಶಮನವಾಗುತ್ತವೆ. ಶಾಲೆಯ ಚರ್ಚಾಸ್ಪರ್ಧೆಗಳಲ್ಲಿಯೂ ಎದುರಾಳಿಯ ಮಾತನ್ನು ಆತನು ಒಪ್ಪುವಂತೆ ಮೊದಲು ಅನುವಾದಿಸಿ, ಅನಂತರ ಖಂಡಿಸುವ ಪೂರ್ವಪಕ್ಷದ ಪದ್ಧತಿಯನ್ನು ಮಕ್ಕಳಿಗೆ ರೂಢಿ ಮಾಡಿಸಿದರೆ ಲೇಸು.

ಈ ಲೇಖನವನ್ನು ಸಂಪಾದಕರಿಗೆ ಒಪ್ಪಿಸುವ ಮುನ್ನ ಆ ಶಿಷ್ಯನಿಗೆ ಒಂದು ಕಾಗದ ಬರೆದಿದ್ದೇನೆ. ಸಂಚಿಕೆಯ ಬಿಡುಗಡೆಯ ದಿನ ಬರಬೇಕೆಂದು ಆತನನ್ನು ಕರೆದಿದ್ದೇನೆ. ಅಕ್ಷರ ಕಲಿಸಿದ ಗುರುವಾಗಿ ಅಲ್ಲ, ಮಾತಿನಲ್ಲಿ ಎಡವಿದ ಹಿರಿಯನಾಗಿ. ಉತ್ತರ ಇನ್ನೂ ಬಂದಿಲ್ಲ. ಆತನು ಬಂದರೆ ಅದು ಆತನ ದೊಡ್ಡತನ. ಬಾರದಿದ್ದರೆ ಅದು ನನ್ನ ಮಾತಿನ ಫಲ. ಅಂತಹ ಫಲ ಬೇರಾವ ಅಧ್ಯಾಪಕನಿಗೂ ದೊರೆಯದಿರಲಿ ಎಂಬುದೇ ನನ್ನ ಹಾರೈಕೆ.