ಕೊರೆಯುವ ಕಲಕು ನೀರಿನಲ್ಲಿ ಮುಳುಗುವ ಪಾಠ

ಬೆನ್ನಿಗೆ ಗಾಳಿಯ ಸಿಲಿಂಡರ್ ಇಲ್ಲದೆ, ಒಂದೇ ಉಸಿರಿನಲ್ಲಿ ನೀರಿನಾಳಕ್ಕೆ ಇಳಿದು ಮೇಲೆ ಬರುವುದನ್ನು ಫ್ರೀಡೈವಿಂಗ್ ಎನ್ನುತ್ತಾರೆ. ಕರಾವಳಿಯ ನಮಗೆ ಇದು ತೀರಾ ಅಪರಿಚಿತವೇನಲ್ಲ. ಬಂಡೆಗಳಿಂದ ಪಚ್ಚಿಲೆ ಕೀಳುವವರು ಮುಳುಗುವುದು ಹೀಗೆಯೇ. ಆದರೆ ಇದನ್ನು ಪಠ್ಯ, ಪರೀಕ್ಷೆ, ಪ್ರಮಾಣಪತ್ರಗಳೊಂದಿಗೆ ಕಲಿಸುವ ಪದ್ಧತಿ ಈಚಿನದು. ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಸ್ಥೆಯಾದ ಐಡಾ ಹುಟ್ಟಿದ್ದು 1992ರಲ್ಲಿ.

ಚಿತ್ರಗಳಲ್ಲಿ ನಾವು ನೋಡುವುದು ನೀಲಿಯಾದ, ಬೆಚ್ಚಗಿನ ಸಮುದ್ರವನ್ನು. ಇಂಗ್ಲೆಂಡಿನಲ್ಲಾದರೋ ಹಲವರು ಕಲಿಯುವುದು ನೀರು ತುಂಬಿದ ಹಳೆಯ ಕಲ್ಲುಕೋರೆಗಳಲ್ಲಿ. ಸೋಮರ್‌ಸೆಟ್ ಕೌಂಟಿಯ ವಾಬ್‌ಸ್ಟರ್ ಕೀ ಅಂತಹ ಒಂದು ಕೋರೆ. ನಮ್ಮ ಅರಬ್ಬೀ ಸಮುದ್ರದ ನೀರು ಸುಮಾರು 28 ಡಿಗ್ರಿ ಇದ್ದರೆ, ಅಲ್ಲಿನ ಕೋರೆಗಳಲ್ಲಿ ಚಳಿಗಾಲದ ನೀರು 5-6 ಡಿಗ್ರಿ. ಬೇಸಿಗೆಯಲ್ಲೂ ಬೆಚ್ಚಗಾಗುವುದು ಮೇಲಿನ ಪದರ ಮಾತ್ರ. ಕೆಲವು ಮೀಟರ್ ಇಳಿಯುತ್ತಲೇ ಹಠಾತ್ತನೆ ಶೀತ ತಟ್ಟುತ್ತದೆ. ಪಾಚಿ ಬೆಳೆದರೆ ಅಥವಾ ತಳದ ಕೆಸರು ಎದ್ದರೆ ಕೈ ಚಾಚಿದಷ್ಟು ದೂರವೂ ಕಾಣದು.

ತಣ್ಣೀರಿಗೆ ಇಳಿದೊಡನೆ ಮನುಷ್ಯನಿಗೆ ತನ್ನಿಂದ ತಾನೇ ಏದುಸಿರು ಬರುತ್ತದೆ. ಮೊದಲ ಒಂದೆರಡು ನಿಮಿಷ ಅದನ್ನು ತಡೆಯುವುದು ಕಷ್ಟ. ಆದ್ದರಿಂದ ಶಿಕ್ಷಕರು ಕೂಡಲೇ ಮುಳುಗಲು ಬಿಡುವುದಿಲ್ಲ. ಉಸಿರು ಹತೋಟಿಗೆ ಬರುವವರೆಗೆ ಮುಖ ಕೆಳಗೆ ಮಾಡಿ ತೇಲಿಸುತ್ತಾರೆ. ವಿಚಿತ್ರವೆಂದರೆ, ಅದೇ ತಣ್ಣೀರು ಮುಖಕ್ಕೆ ತಾಗಿದಾಗ ಹೃದಯದ ಬಡಿತ ನಿಧಾನವಾಗಿ ಮುಳುಗುವವನಿಗೆ ಸಹಾಯವೂ ಆಗುತ್ತದೆ. 5 ಅಥವಾ 7 ಮಿಲಿಮೀಟರ್ ದಪ್ಪದ ನಿಯೋಪ್ರೀನ್ ಉಡುಪು ಮೈಯನ್ನು ಬೆಚ್ಚಗಿಡುತ್ತದೆ. ಆದರೆ 10 ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾಗಿ ಉಡುಪು ತೆಳುವಾಗುತ್ತದೆ; ಶಾಖವೂ ಕಡಿಮೆ, ತೇಲುವ ಗುಣವೂ ಕಡಿಮೆ. ಮೇಲೆ ಹಗುರವಾಗಿದ್ದವನು ಕೆಳಗೆ ಕಲ್ಲಿನಂತೆ ಇಳಿಯತೊಡಗುತ್ತಾನೆ. ಆದ ಕಾರಣ ಸೊಂಟಕ್ಕೆ ಎಷ್ಟು ಸೀಸ ಕಟ್ಟಬೇಕೆಂಬುದು ಇಲ್ಲಿ ದೊಡ್ಡ ಪಾಠವೇ ಸರಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಪ್ರಜ್ಞೆ ತಪ್ಪುವುದು. ನಮ್ಮಲ್ಲಿ ಕೆರೆ, ಕೋರೆಗಳಲ್ಲಿ ಪಂದ್ಯ ಕಟ್ಟುವ ಹುಡುಗರು ಮೊದಲು ಹತ್ತಾರು ಬಾರಿ ಜೋರಾಗಿ ಉಸಿರೆಳೆದುಕೊಳ್ಳುವುದುಂಟು. ಇದರಿಂದ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಇಳಿದುಹೋಗುತ್ತದೆ. 'ಇನ್ನು ಉಸಿರಾಡು' ಎಂದು ದೇಹ ಎಚ್ಚರಿಸುವುದು ಅದರ ಏರಿಕೆಯಿಂದ. ಎಚ್ಚರಿಕೆ ಬರುವ ಮೊದಲೇ ಪ್ರಜ್ಞೆ ಹೋಗಬಹುದು. ಮೇಲಕ್ಕೆ ಬರುವಾಗ, ಕೊನೆಯ 10 ಮೀಟರ್‌ನಲ್ಲಿ ಒತ್ತಡ ಅರ್ಧಕ್ಕೆ ಇಳಿದು ಶ್ವಾಸಕೋಶದ ಆಮ್ಲಜನಕದ ಒತ್ತಡವೂ ಕುಸಿಯುವುದರಿಂದ, ಅಪಾಯ ಹೆಚ್ಚು ಇರುವುದು ದಡ ಸಿಕ್ಕಿತೆನ್ನುವ ಹೊತ್ತಿಗೇ. ಯುವಜನರನ್ನು ಶಿಬಿರ, ಪ್ರವಾಸಗಳಿಗೆ ಕರೆದೊಯ್ಯುವವರು ಇದನ್ನು ಅವಶ್ಯ ತಿಳಿದಿರಬೇಕು.

ತಿಳಿನೀರಿನಲ್ಲಾದರೆ ಶಿಕ್ಷಕರು ಮೇಲಿನಿಂದಲೇ ಶಿಷ್ಯನನ್ನು ನೋಡಬಹುದು. ಕಲಕು ನೀರಿನಲ್ಲಿ ಆಸರೆಯಾಗುವುದು ಹಗ್ಗ. ಮೇಲೆ ತೇಲುಬುರುಡೆ, ಕೆಳಗೆ ಭಾರದ ಗುಂಡು, ಮೊದಲೇ ನಿಶ್ಚಯಿಸಿದ ಆಳದಲ್ಲಿ ಒಂದು ತಟ್ಟೆ. ಮುಳುಗುವವನ ಕೈಗೆ ಕಟ್ಟಿದ ಪಟ್ಟಿ ಕೊಕ್ಕೆಯ ಮೂಲಕ ಹಗ್ಗದ ಮೇಲೆ ಜಾರುತ್ತದೆ. ಮೇಲು ಯಾವುದು, ಕೆಳಗು ಯಾವುದು ಎಂಬುದೂ ಮರೆತುಹೋಗುವ ಆ ಮಬ್ಬಿನಲ್ಲಿ ಅವನಿಗೆ ದಾರಿ ತೋರಿಸುವುದು ಅದೊಂದೇ. ಶಿಕ್ಷಕರು ಹಗ್ಗದ ಮೇಲೆ ಕೈಯಿಟ್ಟು ಅದರ ಅದುರುವಿಕೆಯನ್ನು ಗಮನಿಸುತ್ತಾರೆ, ಗಡಿಯಾರ ನೋಡುತ್ತಾರೆ, ಇಲ್ಲವೇ ಕೈಗೆಟಕುವಷ್ಟು ಹತ್ತಿರ ಜತೆಯಲ್ಲೇ ಇಳಿಯುತ್ತಾರೆ. ಒಬ್ಬ ಶಿಕ್ಷಕನಿಗೆ ಸಾಮಾನ್ಯವಾಗಿ ನಾಲ್ಕು ಮಂದಿಗಿಂತ ಹೆಚ್ಚು ಇರಬಾರದು; ಇಂತಹ ನೀರಿನಲ್ಲಿ ಇನ್ನೂ ಕಡಿಮೆ ಇದ್ದರೆ ಒಳ್ಳೆಯದು.

ಇಷ್ಟಾದರೂ ಕೆಲವು ದಿನ ಪಾಠವನ್ನೇ ನಿಲ್ಲಿಸಬೇಕಾಗುತ್ತದೆ. ಹಣ ಕಟ್ಟಿ, ದೂರದಿಂದ ಬಂದ ವಿದ್ಯಾರ್ಥಿ 'ಇನ್ನೊಂದು ಸಲ' ಎಂದು ಒತ್ತಾಯಿಸುವುದು ಸಹಜ. ಆದರೆ ನಡುಗುವ ದೇಹ ಆಮ್ಲಜನಕವನ್ನು ಬೇಗ ಬೇಗ ಖರ್ಚು ಮಾಡುತ್ತದೆ. ನಡುಕ ಶುರುವಾದವನನ್ನು ದಡಕ್ಕೆ ಕಳುಹಿಸಲು ಹಿಂಜರಿಯುವವನು ಈ ಕೆಲಸಕ್ಕೆ ತಕ್ಕವನಲ್ಲವೆಂದೇ ನನ್ನ ಅನಿಸಿಕೆ.

ಕಲಿಕೆಯಲ್ಲಿ ಆಳದಷ್ಟೇ ಮುಖ್ಯವಾದುದು ಜತೆಗಾರನ ರಕ್ಷಣೆ. ಒಬ್ಬ ಮುಳುಗಿದಾಗ ಇನ್ನೊಬ್ಬ ಮೇಲಿರಬೇಕು. ಪ್ರಜ್ಞೆ ತಪ್ಪಿದವನ ಬಾಯಿ, ಮೂಗು ಮುಚ್ಚಿ ಹಿಡಿದು ಮೇಲೆ ತರಬೇಕು, ಮುಖವಾಡ ತೆಗೆಯಬೇಕು, ಕೆನ್ನೆ ತಟ್ಟಿ, ಮುಖಕ್ಕೆ ಗಾಳಿ ಊದಿ, ಹೆಸರು ಹಿಡಿದು ಉಸಿರಾಡಲು ಹೇಳಬೇಕು. ಇದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ಚೆನ್ನಾಗಿಯೇ ಮೇಲೆ ಬಂದು ನಕ್ಕವನೂ ಕ್ಷಣದಲ್ಲಿ ಪ್ರಜ್ಞೆ ತಪ್ಪಬಹುದಾದ್ದರಿಂದ, ಅವನು ಉಸಿರೆಳೆದ ಮೇಲೂ ಅರ್ಧ ನಿಮಿಷ ಜತೆಗಾರ ಅವನ ಮುಖದಿಂದ ಕಣ್ಣು ಕೀಳುವಂತಿಲ್ಲ.